ಕೈಕೊಡದ ಗಾಡಿ ಯಾವುದು?

ದಸರಾ ಬಂತು, ಹೊಸ ಬೈಕಿನ ಲೆಕ್ಕಾಚಾರ ಮನೆಮನೆಯಲ್ಲೂ ಶುರುವಾಯಿತು. ಮೈಲೇಜು ಎಷ್ಟು, ಕಂತು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಇಪ್ಪತ್ತು ವರ್ಷ ಬಾಳುವುದು ಯಾವುದು, ನಡುದಾರಿಯಲ್ಲಿ ನಿಲ್ಲದ್ದು ಯಾವುದು? ಅದಕ್ಕೆ ಉತ್ತರ ಬೇಕಿದ್ದರೆ ಷೋರೂಮಿನಿಂದ ಹೊರಬಂದು ಎಣ್ಣೆಜಿಡ್ಡಿನ ಗ್ಯಾರೇಜಿಗೆ ಹೋಗಬೇಕು.

ಮಹಾನವಮಿಯ ಬೆಳಿಗ್ಗೆ. ಊರಿನ ವಾಟರ್ ಸರ್ವಿಸ್ ಅಂಗಡಿಯ ಮುಂದೆ ಆರು ಗಂಟೆಗೇ ಬೈಕುಗಳ ಸಾಲು ರಸ್ತೆಯ ತಿರುವು ಮುಟ್ಟಿದೆ. ಪೈಪಿನ ನೀರು ರಭಸದಿಂದ ಬಡಿದಂತೆ ಮಡ್‌ಗಾರ್ಡಿನ ಒಳಗೆ ಮಳೆಗಾಲವಿಡೀ ಮೆತ್ತಿಕೊಂಡಿದ್ದ ಕೆಸರು ಹೆಂಟೆಹೆಂಟೆಯಾಗಿ ಕಳಚಿ ಬೀಳುತ್ತಿದೆ. ಒಂಬತ್ತರ ಹೊತ್ತಿಗೆ ಹ್ಯಾಂಡಲಿಗೆ ಬಾಳೆಕಂದು, ಹೆಡ್‌ಲೈಟಿಗೆ ಸೇವಂತಿಗೆ ಹಾರ, ಟ್ಯಾಂಕಿನ ಮೇಲೆ ಮೂರು ಬೆರಳಿನ ವಿಭೂತಿ, ಚಕ್ರದಡಿಗೆ ನಿಂಬೆಹಣ್ಣು.

ಆ ಹೊತ್ತಿನಲ್ಲಿ ಯಾವುದೇ ಬೀದಿಯಲ್ಲಿ ಒಮ್ಮೆ ನಡೆದುಹೋಗಿ. ನಂಬರ್ ಪ್ಲೇಟು ‘ಕೆಎ’ ಎಂದು ಶುರುವಾಗದ ಒಂದು ಹಳೆಯ ಯೆಜ್ಡಿ ಸಿಗುತ್ತದೆ. ಈಗಿನ ಸರಣಿ ಜಾರಿಗೆ ಬರುವುದಕ್ಕೂ ಹಿಂದಿನ ಗಾಡಿ ಅದು. ಹಾಲಿನ ಕ್ಯಾನಿನ ಕೊಕ್ಕೆಯನ್ನೂ ಬಿಚ್ಚದೆ ಪೂಜೆಗೆ ನಿಂತ ಟಿವಿಎಸ್ ಎಕ್ಸ್‌ಎಲ್ ಸಿಗುತ್ತದೆ. ಸೀಟು ಎರಡು ಬಾರಿ ಬದಲಾಗಿ, ಬಣ್ಣ ಮಾಸಿ, ಆದರೂ ಅರ್ಧ ಕಿಕ್ಕಿಗೇ ಸ್ಟಾರ್ಟ್ ಆಗುವ ಹೀರೊ ಹೋಂಡಾ ಸ್ಪ್ಲೆಂಡರ್ ಸಿಗುತ್ತದೆ. ಪಕ್ಕದಲ್ಲೇ ಕಂತು ತೀರದ ಕೆಟಿಎಂ.

ದಸರಾದಿಂದ ದೀಪಾವಳಿಯವರೆಗೆ ನಮ್ಮಲ್ಲಿ ಗಾಡಿ ಕೊಳ್ಳುವ ಕಾಲ. ಯಾವುದು ಬಾಳಿಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಮಾರುವವರಿಗೆ ಕೇಳಿ ಪ್ರಯೋಜನವಿಲ್ಲ. ಬಿಚ್ಚುವವರಿಗೆ ಕೇಳಬೇಕು.

ಬಾಳುವುದು ಬೇರೆ, ನಿಲ್ಲದಿರುವುದು ಬೇರೆ

ಮೊದಲು ಒಂದು ಗೊಂದಲ ತೀರಬೇಕು. ಮೂವತ್ತು ವರ್ಷದಿಂದ ಓಡುತ್ತಿರುವ ಬುಲೆಟ್ ಗಟ್ಟಿ ಗಾಡಿ, ಸಂಶಯವಿಲ್ಲ. ಆದರೆ ಆ ಮೂವತ್ತು ವರ್ಷದಲ್ಲಿ ಅದು ಎಷ್ಟು ಸಲ ದಾರಿಯಲ್ಲಿ ನಿಂತಿತು, ಎಷ್ಟು ಸಲ ಎಂಜಿನ್ ಕೆಳಗಿಳಿಯಿತು ಎಂಬುದು ಮೆಕ್ಯಾನಿಕ್‌ಗೆ ಮಾತ್ರ ಗೊತ್ತು.

ಕೆಟ್ಟರೂ ಮತ್ತೆ ಮತ್ತೆ ಎಬ್ಬಿಸಬಹುದಾದ ಗಾಡಿ ಒಂದು ಬಗೆ. ಹತ್ತು ವರ್ಷ ಎಂಜಿನ್‌ಗೆ ಕೈಯನ್ನೇ ಹಾಕಿಸಿಕೊಳ್ಳದ ಗಾಡಿ ಇನ್ನೊಂದು ಬಗೆ. ಹಳೆಯ ಬುಲೆಟ್, ಜಾವಾ, ಯೆಜ್ಡಿಗಳು ಮೊದಲ ಗುಂಪಿಗೆ ಸೇರುತ್ತವೆ. ಎರಡನೆಯ ಗುಂಪಿನ ಕಥೆ ನಮ್ಮ ದೇಶದಲ್ಲಿ ಶುರುವಾದದ್ದು 1985ರಲ್ಲಿ.

ಅದರ ಹಿಂದಿನ ವರ್ಷ ಸೈಕಲ್ ಕಂಪನಿ ಹೀರೊ ಮತ್ತು ಜಪಾನಿನ ಹೋಂಡಾ ಕೈಜೋಡಿಸಿದ್ದವು. ಹರಿಯಾಣದ ಧಾರೂಹೇರಾದ ಕಾರ್ಖಾನೆಯಿಂದ ಸಿಡಿ 100 ಹೊರಬಂತು. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬರ್ಥದ ಅದರ ಜಾಹೀರಾತು ದೇಶವಿಡೀ ಬಾಯಿಪಾಠವಾಯಿತು. ಪೆಟ್ರೋಲಿಗೆ ಆಯಿಲ್ ಬೆರೆಸುವ, ಆಗಾಗ ಪ್ಲಗ್ ಬಿಚ್ಚಿ ಮಸಿ ಕೆರೆಯುವ, ಸೈಲೆನ್ಸರಿನ ಕರಿ ಸುಟ್ಟು ತೆಗೆಯುವ ಟೂ ಸ್ಟ್ರೋಕ್ ಕಾಲದ ಜನಕ್ಕೆ ಆ ಮಾತು ಎಷ್ಟು ಹಿತವಾಗಿ ಕೇಳಿಸಿರಬೇಕು!

ಸಿಡಿ 100ರ ಎಂಜಿನ್ 97.2 ಸಿಸಿ. ಸಿಲಿಂಡರಿನ ಬೋರ್ 50 ಮಿ.ಮೀ., ಪಿಸ್ಟನ್ ಚಲಿಸುವ ದೂರ 49.5 ಮಿ.ಮೀ. ಸಿಲಿಂಡರ್ ನೆಟ್ಟಗೆ ನಿಲ್ಲದೆ ಮುಂದಕ್ಕೆ ಮಲಗಿರುತ್ತದೆ. ಓಡುವಾಗಿನ ಗಾಳಿ ನೇರ ಬಂದು ಹೆಡ್ಡಿಗೆ ಬಡಿಯುತ್ತದೆ. 1994ರಲ್ಲಿ ಬಂದ ಸ್ಪ್ಲೆಂಡರ್‌ಗೂ ಇದೇ ಎಂಜಿನ್. ಹೋಂಡಾ ಬೇರೆಯಾಗಿ ಒಂದೂವರೆ ದಶಕವೇ ಆಗುತ್ತ ಬಂತು, ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂತು. ಒಳಗಿನ ಮೂಲ ರಚನೆ ಮಾತ್ರ ಅದೇ. ಇಂದಿಗೂ ದೇಶದಲ್ಲಿ ಸ್ಪ್ಲೆಂಡರ್ ತಿಂಗಳಿಗೆ ಎರಡು ಲಕ್ಷಕ್ಕೂ ಹೆಚ್ಚು ಮಾರಾಟವಾಗುತ್ತದೆ.

ಈ ಮಲಗಿದ ಎಂಜಿನ್ನಿನ ವಂಶ ಹುಡುಕುತ್ತ ಹೋದರೆ 1958ರ ಟೋಕಿಯೊ ಬೀದಿಗೆ ತಲುಪುತ್ತೇವೆ. ಸೊಯಿಚಿರೊ ಹೋಂಡಾ ಎಂಜಿನ್ ಮನುಷ್ಯ, ಅವರ ಜೊತೆಗಾರ ತಾಕಿಯೊ ಫುಜಿಸಾವಾ ವ್ಯಾಪಾರದ ಮನುಷ್ಯ. ಒಂದು ಕೈಯಲ್ಲಿ ಊಟದ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಗಾಡಿ ಓಡಿಸುವ ಹೋಟೆಲ್ ಹುಡುಗನಿಗೂ ಒಗ್ಗಬೇಕು ಎಂಬ ಲೆಕ್ಕದಲ್ಲಿ ಇಬ್ಬರೂ ಸೇರಿ ರೂಪಿಸಿದ್ದು ಸೂಪರ್ ಕಬ್. ಎಡಗೈಗೆ ಕ್ಲಚ್ಚಿನ ಕೆಲಸವೇ ಇಲ್ಲ. 2017ರ ಹೊತ್ತಿಗೆ ಈ ಸರಣಿಯ ಹತ್ತು ಕೋಟಿ ಗಾಡಿಗಳು ತಯಾರಾಗಿದ್ದವು. ಎಂಜಿನ್ನಿರುವ ಬೇರೆ ಯಾವ ವಾಹನಕ್ಕೂ ಆ ಸಂಖ್ಯೆ ದಕ್ಕಿಲ್ಲ.

ಎಂಜಿನ್ ಸಾಯುವುದು ಹೇಗೆ?

ಗ್ಯಾರೇಜಿಗೆ ಬನ್ನಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಿಡುತ್ತ ಬಂದ ಒಂದು ಬೈಕಿನ ಎಂಜಿನ್ ಬಿಚ್ಚುತ್ತಿದ್ದಾರೆ.

ಹೆಡ್ ತೆಗೆದ ಮೇಲೆ ಮೆಕ್ಯಾನಿಕ್ ಸಿಲಿಂಡರಿನ ಒಳಗೋಡೆಯ ಮೇಲೆ ತೋರುಬೆರಳಿನ ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾನೆ. ಬಾಯಿಯ ಹತ್ತಿರ ಒಂದು ಕಡೆ ಉಗುರು ತಡೆಯುತ್ತದೆ. ಅಲ್ಲೊಂದು ಸಣ್ಣ ಮೆಟ್ಟಿಲು. ಪಿಸ್ಟನ್ ರಿಂಗ್ ಮೇಲೆ ಹೋಗಿ ವಾಪಸ್ ತಿರುಗುವ ಜಾಗ ಅದು. ಅದರ ಕೆಳಗಿನ ಗೋಡೆ ಸವೆದಿದೆ, ಮೇಲಿನದು ಸವೆದಿಲ್ಲ. ಹೊಸ ಸಿಲಿಂಡರಿನಲ್ಲಿ ಎಣ್ಣೆ ಹಿಡಿದಿಡಲೆಂದೇ ಕತ್ತರಿ ಆಕಾರದ ಸಣ್ಣ ಗೀರುಗಳನ್ನು ಹಾಕಿರುತ್ತಾರೆ. ಇಲ್ಲಿ ಆ ಗೀರುಗಳು ಅಳಿಸಿಹೋಗಿ ಗೋಡೆ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಕಣ್ಣಿಗೆ ಚೆಂದ, ಎಂಜಿನ್ನಿಗೆ ಕೇಡು.

ಬಲಗಡೆಯ ಕವರ್ ಬಿಚ್ಚಿದರೆ ಕಾರಣ ತಿಳಿಯುತ್ತದೆ. ಸ್ಪ್ಲೆಂಡರ್ ಜಾತಿಯ ಎಂಜಿನ್ನಿನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಒಂದು ಜಾಲರಿ, ಜೊತೆಗೆ ಕ್ರ್ಯಾಂಕ್ ಜೊತೆ ತಿರುಗುವ ಒಂದು ಬಟ್ಟಲು. ಅದು ಗಿರ್ರನೆ ತಿರುಗುವಾಗ ಎಣ್ಣೆಯಲ್ಲಿರುವ ಲೋಹದ ಪುಡಿ, ಮಸಿ ಎಲ್ಲ ಬಟ್ಟಲಿನ ಅಂಚಿಗೆ ಹೋಗಿ ಅಂಟುತ್ತದೆ. ಬಹಳ ಸರಳ, ಬಹಳ ಜಾಣ ಏರ್ಪಾಡು. ವರ್ಷಗಟ್ಟಲೆ ಶುಚಿ ಮಾಡದಿದ್ದರೆ ಅಲ್ಲಿ ಕಪ್ಪು ಕೆಸರು ತುಂಬುತ್ತದೆ. ಅತ್ತ ಏರ್ ಫಿಲ್ಟರಿನಲ್ಲಿ ಧೂಳು. ನುಸುಳಿ ಬಂದ ಧೂಳು ಹಳೆಯ ಎಣ್ಣೆಯೊಂದಿಗೆ ಬೆರೆತರೆ ಸಾಣೆ ಹಿಡಿಯುವ ಮಸಾಲೆಯೇ ತಯಾರಾಯಿತು. ಗೋಡೆ ಸವೆಯುತ್ತದೆ, ರಿಂಗ್ ಸಡಿಲವಾಗುತ್ತದೆ, ಎಣ್ಣೆ ಮೇಲೇರಿ ಉರಿಯುತ್ತದೆ, ನೀಲಿ ಹೊಗೆ ಕಾಣಿಸುತ್ತದೆ.

ಮುಂದಿನ ದಾರಿ ಲೇತ್ ಅಂಗಡಿ. ಬೋರ್ ಮಾಡಿಸಿ ಕಾಲು ಮಿ.ಮೀ. ದೊಡ್ಡ ಪಿಸ್ಟನ್ ಹಾಕಿಸಬೇಕು. ಮತ್ತೆ ಸವೆದರೆ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಒಂದು ಮಿ.ಮೀ.

ಈ ಇಡೀ ರಿಪೇರಿಯನ್ನು ತಡೆಯಬಹುದಾಗಿದ್ದ ಎಣ್ಣೆ ಒಂದು ಲೀಟರಿಗೂ ಕಡಿಮೆ.

ಅಲಕ್ಷ್ಯಕ್ಕೆಂದೇ ಕಟ್ಟಿದ ಎಂಜಿನ್

ಜನ ಎಣ್ಣೆ ಬದಲಿಸುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಬೈಕು ಕಟ್ಟಿದರೆ ಹೇಗೆ? ಹೋಂಡಾ ಇದನ್ನೂ ಮಾಡಿ ನೋಡಿದೆ. ಈ ಲೇಖನದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಾಡಿ ಇದು. ಭಾರತದ ರಸ್ತೆಗಳಲ್ಲಿ ಇದು ಕಾಣಸಿಗಲಿಲ್ಲ ಎಂಬುದೊಂದೇ ಬೇಸರ.

ಬಡ ದೇಶಗಳಲ್ಲಿ ತಮ್ಮ ಗಾಡಿಗಳು ಯಾಕೆ ಬೇಗ ಸೋಲುತ್ತವೆ ಎಂದು ಹೋಂಡಾದ ಎಂಜಿನಿಯರುಗಳು ಹೋಗಿ ನೋಡಿದರು. ಮಿತಿಮೀರಿದ ಭಾರ, ಧೂಳು ಕಟ್ಟಿದ ಫಿಲ್ಟರ್, ಎಷ್ಟೋ ಕಾಲದಿಂದ ಬದಲಾಗದ ಎಣ್ಣೆ. ಆಗಿನ ಹೋಂಡಾಗಳಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲಿತ್ತು, ಅದನ್ನು ತಿರುಗಿಸುವುದು ಟೈಮಿಂಗ್ ಚೈನ್. ಎಣ್ಣೆ ಕೆಟ್ಟರೆ ಮೊದಲ ಪೆಟ್ಟು ಇವೆರಡಕ್ಕೇ. ಬಳಕೆದಾರರಿಗೆ ಬುದ್ಧಿ ಹೇಳಲು ಹೋಗದೆ ಹೋಂಡಾ ತನ್ನ ಎಂಜಿನ್ನನ್ನೇ ತಿದ್ದಿತು. 1976ರ ಸಿಜಿ 125ರಲ್ಲಿ ಕ್ಯಾಮ್ ಕೆಳಗಿಳಿಯಿತು, ಟೈಮಿಂಗ್ ಚೈನ್ ಮಾಯವಾಯಿತು, ಅದರ ಜಾಗಕ್ಕೆ ಹಳೆಯ ಕಾಲದ ಪುಷ್‌ರಾಡ್ ಬಂತು. ಹಿಂದಿನ ಚೈನಿಗೆ ಪೂರ್ತಿ ಮುಚ್ಚಿದ ಕವರ್.

ಮುಂದಕ್ಕೆ ಓಡುತ್ತಿದ್ದ ಕಂಪನಿಯೊಂದು ಬೇಕೆಂದೇ ಒಂದು ಹೆಜ್ಜೆ ಹಿಂದಿಟ್ಟಿತು. ಅದರ ಫಲ ನೋಡಿ: ಬ್ರೆಜಿಲ್‌ನಲ್ಲಿ ಸಿಜಿ ಎಂದರೆ ಮನೆಮಾತು, ಪಾಕಿಸ್ತಾನದಲ್ಲಿ ಇದೇ ಪುಷ್‌ರಾಡ್ 125 ಈ ದಶಕದಲ್ಲೂ ಹೊಸದಾಗಿ ಮಾರಾಟವಾಗುತ್ತಿದೆ.

ಇದೇ ಪಾಠ ಕಲಿತ ಭಾರತದ ಗಾಡಿಗಳು ಆಫ್ರಿಕಾವನ್ನು ಗೆದ್ದಿವೆ. ಕಂಪಾಲಾ, ನೈರೋಬಿಯ ‘ಬೋಡಾ ಬೋಡಾ’ ಬೈಕ್ ಟ್ಯಾಕ್ಸಿಗಳಲ್ಲಿ, ನೈಜೀರಿಯಾದ ‘ಒಕಾಡಾ’ಗಳಲ್ಲಿ ಬಜಾಜ್ ಬಾಕ್ಸರ್, ಟಿವಿಎಸ್ ಎಚ್‌ಎಲ್‌ಎಕ್ಸ್‌ಗಳದ್ದೇ ದೊಡ್ಡ ಪಾಲು. ಹಿಂದೆ ಇಬ್ಬರು, ಮೂವರು, ಜೊತೆಗೆ ಬಾಳೆಗೊನೆ, ಕೆಂಪು ಮಣ್ಣಿನ ರಸ್ತೆ, ಬೆಳಗಿನಿಂದ ರಾತ್ರಿಯವರೆಗೆ ದುಡಿಮೆ. ಬೈಕಿನ ಬಾಳಿಕೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಪ್ರಪಂಚದಲ್ಲಿ ಇನ್ನೊಂದಿರಲಾರದು.

ಬಾಕ್ಸ್: ಅಮೆರಿಕದ ಲೆಕ್ಕ
ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ 2015ರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಬೈಕುಗಳ ಮಾಹಿತಿ ಕಲೆಹಾಕಿ, ನಾಲ್ಕು ವರ್ಷದಲ್ಲಿ ಯಾವ ಕಂಪನಿಯ ಗಾಡಿ ಎಷ್ಟು ಕೈಕೊಡುತ್ತದೆ ಎಂದು ಅಂದಾಜಿಸಿತು. ಯಮಹಾ ಶೇ 11, ಸುಜುಕಿ ಮತ್ತು ಹೋಂಡಾ ತಲಾ ಶೇ 12, ಕವಾಸಾಕಿ ಶೇ 15. ಹಾರ್ಲೆ ಡೇವಿಡ್‌ಸನ್ ಶೇ 26, ಟ್ರಯಂಫ್ ಶೇ 29, ಡುಕಾಟಿ ಶೇ 33, ಬಿಎಂಡಬ್ಲ್ಯು ಶೇ 40. ಆದರೆ ‘ಮತ್ತೆ ಇದನ್ನೇ ಕೊಳ್ಳುತ್ತೀರಾ’ ಎಂದು ಕೇಳಿದಾಗ ಹಾರ್ಲೆ ಮಾಲೀಕರಲ್ಲಿ ಹತ್ತರಲ್ಲಿ ಏಳು ಮಂದಿ ಹೌದೆಂದರು.

ಬಾಕ್ಸ್: ಏಳು ಲಕ್ಷ ಕಿಲೊಮೀಟರ್
ಅರ್ಜೆಂಟೀನಾದ ಎಮಿಲಿಯೊ ಸ್ಕಾಟೊ 1985ರಿಂದ 1995ರವರೆಗೆ ಒಂದೇ ಹೋಂಡಾ ಗೋಲ್ಡ್ ವಿಂಗ್ 1100ರಲ್ಲಿ ಪ್ರಪಂಚ ಸುತ್ತಿದರು. ಕ್ರಮಿಸಿದ್ದು 7,35,000 ಕಿ.ಮೀ. ಅದು ಗಿನ್ನೆಸ್ ದಾಖಲೆ. ಚಂದ್ರನಿಗೆ ಹೋಗಿ ಬರುವ ದೂರ ಇದಕ್ಕಿಂತ ಸ್ವಲ್ಪವೇ ಹೆಚ್ಚು.

ಮೈಸೂರಿನ ಮಗ, ಮದ್ರಾಸಿನ ಬುಲೆಟ್

ಬಾಳಿಕೆಯ ಮಾತಿನಲ್ಲಿ ಮೈಸೂರನ್ನು ಬಿಟ್ಟರೆ ಅನ್ಯಾಯವಾಗುತ್ತದೆ. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ಜೆಕೊಸ್ಲೊವಾಕಿಯಾದ ವಿನ್ಯಾಸ, ಪಾರ್ಸಿ ಉದ್ಯಮಿ ಫಾರೂಕ್ ಇರಾನಿಯವರ ಮುಂದಾಳತ್ವ, ಮೈಸೂರಿನ ಕೈಗಳು. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು, ಆಮೇಲೆ ರೋಡ್‌ಕಿಂಗ್ ಬಂತು.

ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಿಕ್ಕರ್ ಅನ್ನೇ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟ್ಯಾಪೆಟ್ ಸೆಟ್ ಮಾಡುವ ಗೋಜಿಲ್ಲ. ಇಲ್ಲದ ಭಾಗ ಕೆಡುವುದೂ ಇಲ್ಲ. ಆಯಿಲ್ ಕಡಿಮೆಯಾದರೆ ಮಾತ್ರ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತಿತ್ತು, ಪಾಯಿಂಟ್ ಆಗಾಗ ಉಜ್ಜಬೇಕಿತ್ತು. ಪ್ಲಗ್ ಸ್ಪ್ಯಾನರ್, ಉಪ್ಪುಕಾಗದ ಡಬ್ಬಿಯಲ್ಲಿಟ್ಟುಕೊಳ್ಳದ ಯೆಜ್ಡಿ ಸವಾರನೇ ಇರಲಿಲ್ಲ.

ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆದರೂ ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ನಡೆಯುತ್ತದೆ, ಮೈಸೂರು ಬೆಂಗಳೂರುಗಳಲ್ಲಿ ಆ ಎರಡು ಸೈಲೆನ್ಸರಿನ ಸದ್ದು ಕೇಳುತ್ತದೆ. ಆ ಗಾಡಿಗಳನ್ನು ಇಲ್ಲಿಯವರೆಗೆ ತಂದದ್ದು ಲೋಹದ ಗುಣವೊಂದೇ ಎನ್ನಲಾರೆ. ಕಾರ್ಖಾನೆಯ ಊರಿನಲ್ಲಿ ಪಳಗಿದ ಮೆಕ್ಯಾನಿಕ್‌ಗಳು, ಬಿಡಿಭಾಗ ಕೂಡಿಟ್ಟ ಅಂಗಡಿಗಳು, ಬಿಟ್ಟುಕೊಡದ ಮಾಲೀಕರು ಸೇರಿ ತಂದರು. ಅದೇ ವರ್ಷ ನಿಂತ ಯಮಹಾ ಆರ್‌ಎಕ್ಸ್ 100ಕ್ಕೂ ಈ ಮಾತು ಸಲ್ಲುತ್ತದೆ.

ಬುಲೆಟ್ಟಿನದು ಇನ್ನೊಂದು ಪಾಠ. 346 ಸಿಸಿ, ಸುಮಾರು 18 ಅಶ್ವಶಕ್ತಿ. ಅದಕ್ಕಿಂತ ಸ್ವಲ್ಪವೇ ದೊಡ್ಡದಾದ ಕೆಟಿಎಂ ಡ್ಯೂಕ್ 390ರ ಮೊದಲ ಎಂಜಿನ್ 43 ಅಶ್ವಶಕ್ತಿ ಕೊಡುತ್ತಿತ್ತು. ಅಂದರೆ ಹಳೆಯ ಬುಲೆಟ್ ಮೈ ದಣಿಸಿಕೊಳ್ಳದೆ ಓಡುವ ಗಾಡಿ. ಹಾಗಿದ್ದರೆ ಅದು ಕೆಡಲೇಬಾರದಿತ್ತಲ್ಲ? ಕೆಡುತ್ತಿತ್ತು. ಎರಕದ ಕಬ್ಬಿಣದ ಸಿಲಿಂಡರ್, ಬೇರೆ ಬೇರೆಯಾಗಿ ಜೋಡಿಸಿದ ಎಂಜಿನ್ ಮತ್ತು ಗೇರ್ ಬಾಕ್ಸ್, ಜಾಯಿಂಟುಗಳಿಂದ ಒಸರುವ ಎಣ್ಣೆ. ಕಡಿಮೆ ಒತ್ತಡವೊಂದೇ ಸಾಲದು, ಅಳತೆಯ ಕರಾರುವಾಕ್ಕು ಬೇಕು, ಸೀಲು ಗ್ಯಾಸ್ಕೆಟ್ಟು ಸರಿಯಿರಬೇಕು ಎಂಬುದಕ್ಕೆ ಬುಲೆಟ್ಟೇ ಸಾಕ್ಷಿ. ರಾಯಲ್ ಎನ್‌ಫೀಲ್ಡ್ 2020ರಲ್ಲಿ ಮೀಟಿಯರ್ ಜೊತೆ ಹೊಸ 350 ಎಂಜಿನ್ ತಂದ ಮೇಲೆ ಈ ದೂರು ಬಹುಮಟ್ಟಿಗೆ ನಿಂತಿದೆ.

ಸೆನ್ಸರ್ ಕಾಲದ ಚಿಂತೆ

2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂತು. ಸ್ಪ್ಲೆಂಡರಿನಂಥ ಸಣ್ಣ ಗಾಡಿಗೂ ಇಂಜೆಕ್ಷನ್ ಬಂತು. ಮಡಿಕೇರಿಯ ಚಳಿಯ ಬೆಳಿಗ್ಗೆ ಚೋಕ್ ಎಳೆದು ಹತ್ತು ಕಿಕ್ ಹೊಡೆಯುವ ಕಷ್ಟ ತಪ್ಪಿತು, ಹೊಗೆ ಕಡಿಮೆಯಾಯಿತು. ಇದು ಒಳ್ಳೆಯದೇ.

ಆದರೆ ಕಾರ್ಬೊರೇಟರಿನಲ್ಲಿ ಕಸ ಸಿಕ್ಕಿದರೆ ಹೋಬಳಿಯ ಮೆಕ್ಯಾನಿಕ್ ಜೆಟ್ ಬಿಚ್ಚಿ ಊದಿ ಕೊಡುತ್ತಿದ್ದ. ಸೆನ್ಸರ್ ಹೋದರೆ ಸ್ಕ್ಯಾನರ್ ಬೇಕು, ಅದು ತಾಲ್ಲೂಕು ಕೇಂದ್ರದ ಷೋರೂಮಿನಲ್ಲಿರುತ್ತದೆ. ಗಾಡಿ ಕೈಕೊಡುವುದು ಕಡಿಮೆಯಾಗಿದೆ, ಕೈಕೊಟ್ಟಾಗ ಎಬ್ಬಿಸುವುದು ಕಷ್ಟವಾಗಿದೆ.

ಇಂಜೆಕ್ಷನ್ ಗಾಡಿಯವರು ಒಂದು ಅಭ್ಯಾಸ ಬಿಡಬೇಕು: ರಿಸರ್ವ್‌ನಲ್ಲೇ ದಿನಗಟ್ಟಲೆ ಓಡಿಸುವುದು. ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದೇ ಪೆಟ್ರೋಲಿನಿಂದ. ಹಳೆಯ ಗಾಡಿಯವರಿಗೆ ಇನ್ನೊಂದು ಮಾತು: ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡಬಲ್ಲದು. ಪೆಟ್ರೋಲ್ ಪೈಪು ಗಟ್ಟಿಯಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನು ಅರೆಖಾಲಿ ಬಿಡಬೇಡಿ.

ಬಾಕ್ಸ್: ಹಳೆಯ ಬೈಕ್ ಕೊಳ್ಳುವಾಗ
ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಿರಿ. ಆಕ್ಸಿಲರೇಟರ್ ಎತ್ತಿ ಬಿಟ್ಟಾಗ ನೀಲಿ ಹೊಗೆ ಬಂದರೆ ಬೋರಿನ ಅಥವಾ ವಾಲ್ವ್ ಸೀಲಿನ ಕೆಲಸ ಕಾದಿದೆ. ಹೆಡ್ಡಿನ ಬದಿಯಲ್ಲಿ ಚಟಚಟ ಸದ್ದು ಟೈಮಿಂಗ್ ಚೈನಿನದಾಗಿರಬಹುದು. ಎಂಜಿನ್ ಕವರಿನ ಸ್ಕ್ರೂಗಳ ತಲೆ ಸವೆದಿದ್ದರೆ ಅದನ್ನು ಈಗಾಗಲೇ ಬಿಚ್ಚಿದ್ದಾರೆ. ಆರ್‌ಸಿಯ ಹದಿನೈದು ವರ್ಷ ಮುಗಿದಿದೆಯೇ ನೋಡಿ. ಮುಗಿದಿದ್ದರೆ ಪ್ರತಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

ನನ್ನ ತೀರ್ಪು

ದಿನಾ ಊರಿನಿಂದ ಪಟ್ಟಣಕ್ಕೆ ಹೋಗಿಬರುವವರಿಗೆ ಗಾಳಿಯಿಂದಲೇ ತಣಿಯುವ, ಎರಡೇ ವಾಲ್ವಿನ 100ರಿಂದ 125 ಸಿಸಿ ಗಾಡಿಯಷ್ಟು ಭರವಸೆಯದ್ದು ಇನ್ನೊಂದಿಲ್ಲ. ಅದರಲ್ಲಿ ಮೊದಲ ಸ್ಥಾನ ಸ್ಪ್ಲೆಂಡರಿಗೆ. ಹೋಂಡಾ ಶೈನ್, ಬಜಾಜ್ ಪ್ಲಾಟಿನಾ ಅದರ ಬೆನ್ನಿಗೇ ಇವೆ. ಮೇವು, ಹಾಲು, ಗೊಬ್ಬರದ ಚೀಲ ಹೊರುವ ರೈತನಿಗೆ ಎಕ್ಸ್‌ಎಲ್ ಬಿಟ್ಟು ಬೇರೆ ಹೇಳಲಾರೆ. ಭಾರ ಇಡಲು ಕಾಲಬುಡದಲ್ಲೇ ಜಾಗ ಕೊಟ್ಟ ಗಾಡಿ ಅದು. ಹೆದ್ದಾರಿಯಲ್ಲಿ ಇಬ್ಬರು ಕೂತು ದೂರ ಹೋಗುವವರಿಗೆ ಹೋಂಡಾ ಯುನಿಕಾರ್ನ್. ಪ್ರೀತಿಗಾಗಿ ಕೊಳ್ಳುವವರು ಯೆಜ್ಡಿಯನ್ನೋ ಹಳೆಯ ಬುಲೆಟ್ಟನ್ನೋ ಧಾರಾಳವಾಗಿ ಕೊಳ್ಳಿ, ಆದರೆ ಅದನ್ನು ಬಲ್ಲ ಮೆಕ್ಯಾನಿಕ್ ಯಾರೆಂದು ಮೊದಲು ಗೊತ್ತುಮಾಡಿಕೊಳ್ಳಿ.

ಹೊಸ ಗಾಡಿಗೆ ಮುಂಗಡ ಕೊಡುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಹೋಬಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಆ ಗಾಡಿಯ ಕ್ಲಚ್ ಕೇಬಲ್, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್ ಇದೆಯೇ ಎಂದು ಕೇಳಿ. ಮೂರೂ ಅಲ್ಲೇ ಸಿಕ್ಕರೆ ಧೈರ್ಯವಾಗಿ ಕೊಳ್ಳಿ. ‘ಆರ್ಡರ್ ಹಾಕಿ ತರಿಸಬೇಕು’ ಎಂದರೆ ಬೇರೆ ಗಾಡಿ ನೋಡಿ.